ಬಣ್ಣ ಒಣಗುವವರೆಗೆ

ಸೋಮವಾರ

ಬೀಗಿತ್ತಿಯವರಿಗೆ ನಿಮ್ಮ ಸೊಸೆಯ ತಾಯಿ ಮಾಡುವ ನಮಸ್ಕಾರಗಳು.

ದೇವರ ದಯೆಯಿಂದ ಇಲ್ಲಿ ಎಲ್ಲರೂ ಕ್ಷೇಮ. ಮನೆಯಲ್ಲಿ ಫೋನಿರುವಾಗ ಇವಳೇನು ಪೆನ್ನು ಹಿಡಿದು ಕೂತಳು ಎಂದು ನಗಬೇಡಿ. ನಿಮ್ಮ ಜೊತೆ ಮಾತಾಡಬೇಕೆಂದು ಫೋನ್ ಮಾಡಿದಾಗಲೆಲ್ಲ ಅಳಿಯಂದಿರು ಸ್ಪೀಕರಿಗೆ ಹಾಕಿ ಪಕ್ಕದಲ್ಲೇ ಇರುತ್ತಾರೆ. ನಾನು ಕೇಳಿದ್ದಕ್ಕೆ ಅವರು ಉತ್ತರ ಕೊಡುತ್ತಾರೆ, ನೀವು ಹೂಂ ಅನ್ನುತ್ತೀರಿ. ಯಾರ ಜೊತೆ ಮಾತಾಡುತ್ತಿದ್ದೇನೆ ಎಂಬುದೇ ನನಗೆ ಗೊತ್ತಾಗುವುದಿಲ್ಲ. ಹೆಂಗಸರ ಹರಟೆಗೆ ಕಾಗದವೇ ವಾಸಿ. ಹಳ್ಳಿ ಶಾಲೆಯ ಅಕ್ಷರ, ತಪ್ಪಿದ್ದರೆ ಸರಿಮಾಡಿಕೊಂಡು ಓದಿ.

ವಿಷಯ ಏನೆಂದರೆ, ಗಾಡಿಯ ಕೆಲಸ ಶುರುವಾಗಿದೆ. ಅಳಿಯಂದಿರ ಬೈಕಿಗೆ ಬಣ್ಣ ಹೊಡೆಯಲು ಅಂಗಡಿಯವನು ಬಾಯಿಗೆ ಬಂದ ರೇಟು ಹೇಳಿದನಂತೆ. ನನ್ನ ಮಗಳು, ನಾನೇ ಹೊಡೆಯುತ್ತೇನೆ, ಅಮ್ಮನ ಮನೆಯ ಹಿತ್ತಿಲಲ್ಲಿ ಅಪ್ಪನ ಶೆಡ್ಡಿದೆ, ಕಡಿಮೆಯಲ್ಲಿ ಮುಗಿಯುತ್ತದೆ ಎಂದು ಒಪ್ಪಿಸಿ ಬಂದಿದ್ದಾಳೆ. ಗಾಡಿ ಓಡಿಸಿಕೊಂಡು ಬಂದವಳು ಹೆಲ್ಮೆಟ್ಟು ತೆಗೆದಾಗ ಮುಖವೆಲ್ಲ ಧೂಳು, ನಾನು ಯಾರೋ ಹುಡುಗ ಎಂದುಕೊಂಡೆ.

ನಮ್ಮ ಮನೆಯವರು ಮರಗೆಲಸದವರಲ್ಲವೇ, ಅವರ ಶೆಡ್ಡಿನಿಂದ ಅವರನ್ನೇ ಹೊರಗೆ ಹಾಕಿದ್ದಾಳೆ. ಮರದ ಹೊಟ್ಟು ಒಂದು ಚೂರು ಹಾರಿದರೂ ಬಣ್ಣಕ್ಕೆ ಅಂಟುತ್ತದಂತೆ. ಪಾಪ, ಅವರು ಉಳಿ, ಬಾಚಿ ಎತ್ತಿಕೊಂಡು ಹೋಗಿ ಮನೆ ಮುಂದಿನ ಸೂರಿನ ಕೆಳಗೆ ಕೂತಿದ್ದಾರೆ. ಒಳಗೆ ನಾಲ್ಕೂ ಕಡೆ ನನ್ನ ಹಳೇ ಬೆಡ್‌ಶೀಟು ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ, ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ತೊಲೆಗೆ ತಂತಿಯಿಂದ ನೇತುಹಾಕಿದ್ದಾಳೆ. ನೋಡಿದರೆ ಯಾವುದೋ ಪ್ರಾಣಿಯನ್ನು ಸುಲಿದು ತೂಗುಹಾಕಿದ ಹಾಗಿದೆ. ನಾನು ಹಾಗೆಂದಾಗ ನಕ್ಕಳು. ಮದುವೆಯಾದ ಮೇಲೆ ಅವಳು ಬಾಯಿತುಂಬ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಹಳೇ ಬಣ್ಣವನ್ನು ಎಮರಿ ಕಾಗದದಿಂದ ನೀರು ಹಾಕಿ ಹಾಕಿ ಉಜ್ಜಬೇಕು. ಅದು ನನ್ನ ಪಾಲಿನ ಕೆಲಸ. ಪಾತ್ರೆ ತಿಕ್ಕಿದ ಕೈಗೆ ಅದೇನು ಮಹಾ. ಆಮೇಲೆ ಪ್ರೈಮರ್, ಅದು ಒಣಗಿದ ಮೇಲೆ ಕಪ್ಪು ಬಣ್ಣ, ಅದರ ಮೇಲೆ ಹೊಳಪು. ಎಲ್ಲವೂ ಡಬ್ಬಿಯಲ್ಲೇ ಸಿಗುತ್ತದೆ, ಒತ್ತಿದರೆ ಬುಸ್ಸೆನ್ನುತ್ತದೆ. ಡಬ್ಬಿಯನ್ನು ಮೊದಲು ಬೆಚ್ಚನೆಯ ನೀರಿನಲ್ಲಿಟ್ಟುಕೊಂಡರೆ ಬಣ್ಣ ಸಮನಾಗಿ ಬೀಳುತ್ತದೆಂದು ನನ್ನ ಒಳ್ಳೇ ಪಾತ್ರೆಯೊಂದನ್ನು ಒಯ್ದಿದ್ದಾಳೆ. ಇನ್ನು ಅದು ಅಡುಗೆಗೆ ಬಂದ ಹಾಗೇ. ಆ ಬಣ್ಣದ ಆವಿಗೆ ಬೆಂಕಿ ಹತ್ತುತ್ತದೆಂದು ನನ್ನ ದೇವರ ದೀಪವನ್ನೂ ಹಿತ್ತಿಲ ಕಡೆಯ ಕೋಣೆಯಿಂದ ಎತ್ತಿಸಿದಳು. ದೇವರು ಈಗ ಬೀದಿ ಕಡೆಯ ಕಿಟಕಿಯಲ್ಲಿದ್ದಾನೆ, ಹೋಗಿ ಬರುವವರನ್ನು ನೋಡಿಕೊಂಡು ಅವನಿಗೂ ಕಾಲ ಕಳೆಯುತ್ತದೆ.

ಒಂದು ಮಾತು ಹೇಳಲೇಬೇಕು. ನಿಮ್ಮ ಮನೆಯಲ್ಲಿ ಒಳ್ಳೆಯ ಶಿಸ್ತು ಕಲಿತಿದ್ದಾಳೆ. ಮೂಲೆಯ ಅಂಗಡಿಗೆ ಹೋಗಿ ಬಂದರೂ ನಾನು ಕೇಳದೆಯೇ ಪೂರ್ತಿ ವರದಿ ಒಪ್ಪಿಸುತ್ತಾಳೆ, ಯಾವ ರಸ್ತೆಯಲ್ಲಿ ಹೋದೆ, ಯಾರು ಸಿಕ್ಕರು, ತಡ ಯಾಕಾಯಿತು ಅಂತ. ಮುಂಚೆ ಇವಳು ಎಲ್ಲಿ ಹೋದಳೆಂದು ಊರೆಲ್ಲ ಹುಡುಕಬೇಕಿತ್ತು. ನಿದ್ದೆ ಮಾತ್ರ ವಿಪರೀತ. ಬಿಸಿಲು ಏರುವ ತನಕ ಮಲಗುತ್ತಾಳೆ. ಅಮ್ಮನ ಮನೆಯಲ್ಲವೇ ಎಂದು ಬಿಟ್ಟಿದ್ದೇನೆ.

ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ ಮಾಡಿ ನಿಮ್ಮ ತೋಳು ನೋಯುತ್ತದೆಂದು ಕೇಳಿದೆ. ಎಣ್ಣೆ ಹಚ್ಚಿಕೊಳ್ಳಿ. ವಾರದೊಳಗೆ ಗಾಡಿಯನ್ನೂ ಸೊಸೆಯನ್ನೂ ಕಳಿಸಿಕೊಡುತ್ತೇನೆ.

ನಿಮ್ಮ ಬೀಗಿತ್ತಿ

ಗುರುವಾರ

ಬೀಗಿತ್ತಿಯವರಿಗೆ ನಮಸ್ಕಾರ.

ಹೋದ ಕಾಗದವನ್ನು ಅಳಿಯಂದಿರೇ ಒಡೆದು ನಿಮಗೆ ಓದಿ ಹೇಳಿದರಂತೆ. ಫೋನಿನಲ್ಲಿ ಅವರೇ ಅಂದರು. ಸಂತೋಷ.

ಗಾಡಿ ತಡವಾಗುತ್ತದೆ. ತಪ್ಪು ನನ್ನದು. ಕಪ್ಪು ಬಣ್ಣ ಚೆನ್ನಾಗಿ ಕೂತಿತ್ತು. ಮೇಲಿನ ಹೊಳಪನ್ನೂ ಹೊಡೆದು ಮುಗಿಸಿ ಬಾಗಿಲು ಎಳೆದುಕೊಂಡು ಬಂದಿದ್ದಳು. ನಾನು ಕಸ ಗುಡಿಸಲೆಂದು ಒಳಗೆ ಹೋದವಳು ಕಾಲು ಜಾರಿ, ಬೀಳಬಾರದೆಂದು ಕೈ ಚಾಚಿದೆ. ಅಂಗೈ ಟ್ಯಾಂಕಿನ ಮೇಲೆಯೇ ಊರಿತು. ಐದು ಬೆರಳೂ ಮೂಡಿದವು. ಈಗ ಅಷ್ಟನ್ನೂ ಒಣಗಲು ಬಿಟ್ಟು, ಪುನಃ ಉಜ್ಜಿ, ಮೊದಲಿನಿಂದ ಹೊಡೆಯಬೇಕು. ಅಳಿಯಂದಿರು ಮಗಳನ್ನು ಬೈಯುವುದು ಬೇಡ. ಬೈಯುವುದಿದ್ದರೆ ನನ್ನನ್ನು ಬೈಯಲಿ, ನಾನು ಹಿರಿಯಳು, ತಡೆದುಕೊಳ್ಳುತ್ತೇನೆ.

ಅವರು ದಿನಾ ಫೋನ್ ಮಾಡಿ ಒಣಗಿತೇ ಎಂದು ಕೇಳುತ್ತಾರೆ. ಹವೆಯಲ್ಲಿ ತೇವ ಇದೆ ಎಂದು ಹೇಳಿದ್ದೇನೆ. ನಿಮ್ಮಲ್ಲಿ ಬಿಸಿಲಿರಬಹುದು, ಇಲ್ಲಿಲ್ಲ.

ನಿಮ್ಮನ್ನು ಒಂದು ಮಾತು ಕೇಳಬೇಕಿತ್ತು. ಇರಲಿ ಬಿಡಿ, ಈಗ ಬೇಡ.

ಪ್ರಾರ್ಥನೆಗೆ ಕೂತರೆ ಮನಸ್ಸು ನಿಲ್ಲುತ್ತಿಲ್ಲ. ನನಗಾಗಿಯೂ ಒಂದು ಮಾತು ದೇವರಲ್ಲಿ ಹೇಳಿ.

ನಿಮ್ಮ ಬೀಗಿತ್ತಿ

ಮಂಗಳವಾರ

ಅಕ್ಕಾ,

ಬೀಗಿತ್ತಿ ಎಂದು ಬರೆಯಲು ಇವತ್ತು ಕೈ ಬರಲಿಲ್ಲ. ನೀವು ನನಗಿಂತ ನಾಲ್ಕು ವರ್ಷಕ್ಕಾದರೂ ದೊಡ್ಡವರು, ಅಕ್ಕ ಎಂದರೆ ತಪ್ಪಾಗದು. ಈ ಕಾಗದವನ್ನು ಬೇಕೆಂದೇ ಲಾಂಡ್ರಿಯ ವಿಳಾಸಕ್ಕೆ ಹಾಕಿದ್ದೇನೆ. ಕೆಲಸದ ನಡುವೆ ಪುರುಸೊತ್ತು ಮಾಡಿಕೊಂಡು ನೀವೇ ಓದಿ. ನೀವು ಅಕ್ಷರ ಕೂಡಿಸಿ ನಿಧಾನವಾಗಿ ಓದುತ್ತೀರೆಂದು ಮಗಳು ಹೇಳಿದಳು, ಅದಕ್ಕೇ ದಪ್ಪಗೆ ಬರೆದಿದ್ದೇನೆ.

ಭಾನುವಾರ ಅಳಿಯಂದಿರು ಇಲ್ಲಿಗೆ ಬಂದು ಒಬ್ಬರೇ ಗಾಡಿ ಓಡಿಸಿಕೊಂಡು ಹೋದರು. ಮನೆಯಲ್ಲಿ ಏನು ಹೇಳಿದ್ದಾರೋ ನಾನು ಕಾಣೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಟ್ಯಾಂಕಿನ ಮೇಲೆ ಊರಿದ ಕೈ ನನ್ನದಲ್ಲ. ನಾನು ಟೀ ತೆಗೆದುಕೊಂಡು ಶೆಡ್ಡಿನ ಬಾಗಿಲಿಗೆ ಹೋಗಿದ್ದೆ. ಬೆಡ್‌ಶೀಟಿನ ಸಂದಿಯಲ್ಲಿ ಅವಳು ಕಂಡಳು. ಹೊಳಪು ಆಗಷ್ಟೇ ಹೊಡೆದು ಮುಗಿದಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಅವಳ ಮುಖ ಅದರಲ್ಲಿ ಕಾಣುತ್ತಿತ್ತು. ಅವಳು ಅದನ್ನೇ ನೋಡುತ್ತ ಬಹಳ ಹೊತ್ತು ನಿಂತಳು. ಆಮೇಲೆ ಬಲಗೈಯ ಗ್ಲೋವ್ಸ್ ತೆಗೆದು, ಅಂಗೈಯನ್ನು ಹಸಿ ಬಣ್ಣದ ಮೇಲೆ ಮೆತ್ತಗೆ ಇಟ್ಟು ಒತ್ತಿದಳು. ಮಗುವಿನ ತಲೆಯ ಮೇಲೆ ಕೈ ಇಡುವ ಹಾಗೆ. ನಾನು ಹಿಂದೆ ಸರಿದು ಕೆಮ್ಮಿದೆ. ಕೈ ತಗುಲಿಬಿಡ್ತು ಅಮ್ಮಾ, ಮತ್ತೆ ಉಜ್ಜಬೇಕು ಎಂದಳು. ಆಗ ನನಗೆ ಹಿಂದಿನದೂ ಹೊಳೆಯಿತು. ಪ್ರೈಮರಿನಲ್ಲಿ ಗುಳ್ಳೆ ಎದ್ದಿದೆ ಎಂದು ಒಂದು ಸಲ, ಬಣ್ಣ ಇಳಿದಿದೆ ಎಂದು ಇನ್ನೊಂದು ಸಲ ಉಜ್ಜಿಸಿದ್ದಳು. ನನ್ನ ಕಣ್ಣಿಗೆ ಗುಳ್ಳೆಯೂ ಕಂಡಿರಲಿಲ್ಲ, ಇಳಿದದ್ದೂ ಕಂಡಿರಲಿಲ್ಲ. ನನಗೇನು ತಿಳಿಯುತ್ತದೆ ಎಂದು ಉಜ್ಜಿದ್ದೆ. ಬಣ್ಣ ಬೇಗ ಒಣಗಲಿ ಎಂದು ನಾನು ಆ ಕಿಟಕಿಯ ದೇವರ ಮುಂದೆ ಬೇಡುತ್ತಿದ್ದೆ, ಪಕ್ಕದಲ್ಲೇ ಕಣ್ಣು ಮುಚ್ಚಿ ನಿಂತವಳು ಒಣಗದಿರಲಿ ಎಂದು ಬೇಡುತ್ತಿದ್ದಳು. ದೇವರು ತಾನೇ ಯಾರ ಮಾತು ಕೇಳಬೇಕಿತ್ತು ಹೇಳಿ.

ಆ ಸಂಜೆ ಎಮರಿ ಕಾಗದ ತೊಳೆಯುತ್ತ ಕೂತಾಗ ಕೇಳಿದೆ. ಒಂದೇ ಸಲಕ್ಕೆ ಹೇಳಲಿಲ್ಲ, ಚೂರು ಚೂರೇ ಬಿಟ್ಟಳು. ಅಳಿಯಂದಿರು ಹೊಡೆಯುವುದಿಲ್ಲ, ಕೆಟ್ಟ ಮಾತಿಲ್ಲ. ದಿನಾ ಸಂಜೆ ಅವಳು ಅದೇ ಗಾಡಿಯಲ್ಲಿ ಕೆಲಸದಿಂದ ಬಂದ ಮೇಲೆ ಮೀಟರ್ ನೋಡುತ್ತಾರೆ. ಹೋಗಿ ಬರುವ ದಾರಿಗಿಂತ ಹೆಚ್ಚು ಓಡಿದ್ದರೆ ನಿಲ್ಲಿಸಿಕೊಂಡು ಕೇಳುತ್ತಾರೆ. ಅವರು ಕುರ್ಚಿಯಲ್ಲಿ, ಇವಳು ಎದುರಿಗೆ. ಅವರಿಗೆ ಒಪ್ಪುವ ಉತ್ತರ ಬರುವ ತನಕ ಕೂರುವ ಹಾಗಿಲ್ಲ, ಮಲಗುವ ಹಾಗಿಲ್ಲ. ಬೆಳಿಗ್ಗೆ ಎದ್ದು ನಿದ್ದೆ ಚೆನ್ನಾಗಿ ಬಂತಾ ಎಂದು ಅವರೇ ಕೇಳುತ್ತಾರಂತೆ. ಹೊಡೆದಿದ್ದರೆ ತೋರಿಸಲು ಒಂದು ಗುರುತಾದರೂ ಇರುತ್ತಿತ್ತು, ಅಮ್ಮಾ ಎಂದಳು. ನಾನು ಅವಳ ಶಿಸ್ತನ್ನು ಹೊಗಳಿ ನಿಮಗೆ ಕಾಗದ ಬರೆದವಳು.

ಇಷ್ಟು ತಿಳಿದ ಮೇಲೂ ನನಗೆ ತಕ್ಷಣ ಧೈರ್ಯ ಬರಲಿಲ್ಲ. ಅದಕ್ಕೇ ಆ ಸುಳ್ಳು ಬರೆದೆ. ಇನ್ನೊಂದು ಕೋಟು, ಇನ್ನೊಂದು ಕೋಟು ಎಂದು ಎಷ್ಟು ದಿನ ತಳ್ಳಬಹುದೋ ತಳ್ಳೋಣ ಎಂದಷ್ಟೇ ನನ್ನ ಬುದ್ಧಿಗೆ ಹೊಳೆದಿತ್ತು. ಅಷ್ಟರಲ್ಲಿ ಭಾನುವಾರ ತಾವೇ ಬಂದು ಒಯ್ಯುವುದಾಗಿ ಅವರು ಫೋನ್ ಮಾಡಿದರು, ಬೇರೆ ದಾರಿಯಿಲ್ಲದೆ ಬಣ್ಣ ಮುಗಿಸಿ ಟ್ಯಾಂಕನ್ನು ಗಾಡಿಗೆ ಕೂರಿಸಿದೆವು.

ಬಂದವರು ಮರ್ಯಾದೆಯಾಗಿಯೇ ಇದ್ದರು. ಚಪ್ಪಲಿ ಹೊರಗೆ ಬಿಟ್ಟು, ನನ್ನ ಮಂಡಿ ನೋವನ್ನು ವಿಚಾರಿಸಿ, ಟ್ಯಾಂಕಿನ ಮೇಲೆ ಕೈಯಾಡಿಸಿ, ಅಂಗಡಿಯವನೂ ಹೀಗೆ ಮಾಡುವುದಿಲ್ಲ ಅತ್ತೆ ಎಂದು ಹೊಗಳಿದರು. ಕೂತು ಟೀ ಕುಡಿಯುತ್ತ, ಮೀಟರಿನಲ್ಲಿ ಸ್ವಲ್ಪ ಹೆಚ್ಚಾದ ಹಾಗಿದೆ, ಬಂದದ್ದು ಬಿಟ್ಟರೆ ಎಲ್ಲೂ ಹೋಗಿಲ್ಲ ತಾನೇ ಎಂದು ಇವಳನ್ನು ಕೇಳಿದರು. ಇಷ್ಟು ದಿನ ಟ್ಯಾಂಕಿಲ್ಲದ ಗಾಡಿಯಲ್ಲಿ ಎಲ್ಲಿಗೆ ಹೋಗುತ್ತಾಳಪ್ಪ, ತಳ್ಳಿಕೊಂಡು ಹೋಗಬೇಕು ಎಂದು ನಾನು ತಮಾಷೆ ಮಾಡಿದೆ. ಯಾರೂ ನಗಲಿಲ್ಲ. ತಿರುಗಿ ನೋಡಿದರೆ ನನ್ನ ಮಗಳು ಎದ್ದು ನಿಂತಿದ್ದಳು. ಅವರು ಏಳು ಎಂದಿರಲಿಲ್ಲ ಅಕ್ಕಾ. ಪ್ರಶ್ನೆ ಕಿವಿಗೆ ಬಿದ್ದದ್ದೇ ಎದ್ದಿದ್ದಳು. ನನ್ನ ಮನೆಯಲ್ಲಿ, ಅಪ್ಪ ಅಮ್ಮನ ಎದುರಿಗೆ.

ಕೂತ್ಕೋ ಎಂದೆ. ಅವಳು ಅವರ ಮುಖ ನೋಡಿದಳು.

"ಆ ಕುರ್ಚಿ ನಿಮ್ಮಪ್ಪ ಮಾಡಿದ್ದು. ಅದರ ಮೇಲೆ ಕೂರೋಕೆ ನೀನು ಯಾರ ಮುಖಾನೂ ನೋಡಬೇಕಾಗಿಲ್ಲ" ಎಂದೆ.

ಅವಳು ಕೂತಳು. ಉಗುರಿನ ಸಂದಿಯಲ್ಲಿ ಕಪ್ಪು ಬಣ್ಣ ಹಾಗೇ ಇತ್ತು. ಅಳಿಯಂದಿರು ನಗುನಗುತ್ತಲೇ, ಹೊರಡೋಣವೇ, ಬಣ್ಣ ಒಣಗಿದೆಯಲ್ಲ ಎಂದರು. ಅವಳು ನೆಲ ನೋಡುತ್ತ ಹೇಳಿದಳು. "ಬಣ್ಣ ಒಣಗಿದೆ. ನೀವು ಹೋಗಿ. ನಾನು ಬರಲ್ಲ."

ಅವರು ನನ್ನ ಕಡೆ ನೋಡಲೇ ಇಲ್ಲ. ಮಾವ, ನೀವಾದರೂ ಬುದ್ಧಿ ಹೇಳಿ ಎಂದು ನಮ್ಮ ಮನೆಯವರನ್ನು ಕೇಳಿದರು. ಇವರು ಗಾಡಿಯ ಕೀಲಿಯನ್ನು ಅಳಿಯಂದಿರ ಕೈಗೆ ಕೊಟ್ಟರು. ಗಾಡಿ ಹೊರಟ ಮೇಲೆ ನನ್ನ ಮೇಲೆ ಹರಿಹಾಯ್ದರು. ನಾಲ್ಕು ಜನಕ್ಕೆ ಏನು ಹೇಳುತ್ತೀಯ, ಮೀಟರ್ ನೋಡಿದ್ದೂ ಒಂದು ತಪ್ಪೇ ಎಂದರು. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಮುಂದೆ ಏನೆಂದು ನನಗೂ ಗೊತ್ತಿಲ್ಲ. ಅಳಿಯಂದಿರು ಜನ ಕಟ್ಟಿಕೊಂಡು ಬರಬಹುದು, ಇವಳ ಕೆಲಸದ ಜಾಗಕ್ಕೆ ಹೋಗಬಹುದು. ಬೀದಿಯಲ್ಲಿ ಬೈಕಿನ ಸದ್ದಾದರೆ ಮಗಳು ಕೈಯಲ್ಲಿದ್ದ ತಟ್ಟೆ ಕೆಳಗಿಡುತ್ತಾಳೆ. ಆದರೆ ನಾನು ಅವಳನ್ನು ಕಳಿಸುವುದಿಲ್ಲ. ದೇವರ ಮುಂದೆ ಹೇಳಿಯಾಗಿದೆ, ನಿಮ್ಮ ಮುಂದೆಯೂ ಹೇಳುತ್ತಿದ್ದೇನೆ.

ನಿಮ್ಮ ಮಗನ ಮೇಲೆ ದೂರು ಹೇಳಲು ಇದನ್ನು ಬರೆಯಲಿಲ್ಲ. ಹೆತ್ತವರಿಗೆ ಅದು ಎಷ್ಟು ಚುಚ್ಚುತ್ತದೆಂದು ನನಗೆ ಗೊತ್ತು. ಇಷ್ಟು ದಿನದಲ್ಲಿ ಅಳಿಯಂದಿರು ದಿನಾ ಕೇಳಿದರು. ನೀವು ಸೊಸೆ ಯಾವಾಗ ಬರುತ್ತಾಳೆಂದು ಒಂದು ಸಲವೂ ಕೇಳಲಿಲ್ಲ. ಹೋದ ಕಾಗದದಲ್ಲಿ ಕೇಳಬೇಕೆಂದು ಬಿಟ್ಟ ಮಾತು ಅದೇ, ಯಾಕೆ ಕೇಳಲಿಲ್ಲ ಎಂದು. ಇನ್ನು ನೀವು ಹೇಳಬೇಕಾಗಿಲ್ಲ.

ಓದಿದ ಮೇಲೆ ಇದನ್ನು ಮನೆಗೆ ಒಯ್ಯಬೇಡಿ. ಇಸ್ತ್ರಿ ಪೆಟ್ಟಿಗೆಯ ಕೆಂಡಕ್ಕೆ ಹಾಕಿ.

ನಿಮ್ಮ ತಂಗಿ

ಮರೆತಿದ್ದೆ: ನಿನ್ನೆ ಮಗಳು ಇನ್ನೊಂದು ಚೂರು ಹೇಳಿದಳು. ಮೊದಲ ಸಲ ಅವಳನ್ನು ನಿಲ್ಲಿಸಿದ ಮಾರನೇ ದಿನ ನೀವು ಅಡುಗೆಮನೆಗೆ ಕರೆದು, ಹಿಮ್ಮಡಿಯನ್ನು ಗೋಡೆಗೆ ಒತ್ತಿ ಭಾರವನ್ನು ಒಂದೊಂದೇ ಕಾಲಿಗೆ ಬದಲಾಯಿಸುತ್ತಿರು, ಆಗ ಬೆಳಗಿನ ತನಕ ನಿಲ್ಲಬಹುದು ಎಂದು ಕಲಿಸಿಕೊಟ್ಟಿರಂತೆ. ನೀವು ಅದನ್ನು ಯಾರ ಎದುರಿಗೆ ನಿಂತು ಕಲಿತಿರಿ ಎಂದು ನಾನು ಕೇಳುವುದಿಲ್ಲ. ಶೆಡ್ಡನ್ನು ತೊಳೆದು ಮಂಚ ಹಾಕಿದ್ದೇನೆ. ನಮ್ಮ ಮನೆಯವರು ಉಳಿ, ಬಾಚಿಯನ್ನು ವಾಪಸು ಒಯ್ಯಲಿಲ್ಲ. ಇವತ್ತು ಬೆಳಿಗ್ಗೆ ನನ್ನ ಜೊತೆ ಒಂದು ಮಾತೂ ಆಡದೆ ಹೋಗಿ, ಆ ಬಾಗಿಲಿಗೆ ಒಳಗಡೆಯಿಂದ ಚಿಲಕ ಕೂರಿಸಿ ಬಂದರು. ಮಗಳು ನನ್ನ ಜೊತೆಯೇ ಮಲಗುತ್ತಾಳೆ. ಆ ಮಂಚ ಖಾಲಿ ಇದೆ ಅಕ್ಕಾ.