ಮೀನಿನ ಉಚ್ಚೆಯ ಲೆಕ್ಕ

ಮಂಗಳವಾರ, ಫೆಬ್ರವರಿ 12. ಬೆಳಿಗ್ಗೆ 7

ಮೂರು ಟಬ್ ತೊಳೆದೆ. ಒಂದರಲ್ಲಿ ಬರೀ ನೀರು. ಒಂದರಲ್ಲಿ ಒಂದು ಕಿಲೋ ಫುಲು — ಬೆರಳುದ್ದದ ಮೀನು, ಎಣಿಸಹೋದರೆ ತಲೆ ಕೆಡುತ್ತದೆ. ಮೂರನೆಯದರಲ್ಲಿ ಒಂದೇ ಒಂದು ಎಂಬುಟಾ — ಬೇರೆ ಮೀನು ನುಂಗಿ ಬೆಳೆಯುವ ದೊಡ್ಡ ಮೀನು — ಅದೂ ಒಂದು ಕಿಲೋ. ಅದರ ಗತ್ತು ನೋಡಬೇಕು, ಮಾವನ ಮನೆಗೆ ಬಂದ ಹೊಸ ಅಳಿಯ!

ಅರ್ಧ ಗಂಟೆ ಬಿಟ್ಟು ನೀರು ತೆಗೆದು ಔಷಧಿ ಹನಿ ಹಾಕಬೇಕು. ಮೀನು ಹೆಚ್ಚು ಉಚ್ಚೆ ಹೊಯ್ದಷ್ಟೂ ನೀಲಿ ಗಾಢ. ಊರಿನವರು ಆಗಲೇ ಹೆಸರಿಟ್ಟಾಗಿದೆ — ಉಚ್ಚೆ ಡಾಕ್ಟರ್ ಅಕೆಯೊ. ಇರಲಿ.

ಮಾರ್ಚ್ 8ಕ್ಕೆ ಮೀನುಗಾರರ ಕಮಿಟಿ ಮೀಟಿಂಗ್. ಜೊಂಡಿನ ಹಿಂದಿರುವ ಚಿಕ್ಕ ಕೆರೆಗೆ ಎಂಬುಟಾ ಮರಿ ಬಿಡುವ ಯೋಚನೆ. ದೊಡ್ಡ ಸರೋವರದಲ್ಲಿ ಅದು ಫುಲುಗಳನ್ನು ನುಂಗಿ ಮುಗಿಸಿತು. ಇಲ್ಲಿ ಮಾತ್ರ ಉಳಿದಿವೆ. ಅಷ್ಟರೊಳಗೆ ಏನಾದರೂ ತೋರಿಸದಿದ್ದರೆ ಇವೂ ಹೋದವು.

ಶುಕ್ರವಾರ, ಫೆ. 15

ನೀಲಿ ಇಲ್ಲ. ಮೂರು ದಿನದಿಂದ ಇಲ್ಲ! ಮೂರೂ ಟಬ್ಬಿನ ನೀರು ಒಂದೇ ಥರ, ತಿಳಿ. ಔಷಧಿ ಕೆಟ್ಟಿತೇ? ಮೀನು ಉಪವಾಸವೇ?

ಸಂಜೆ

ಸಿಕ್ಕಿತು!! ಮನೆಯೊಡತಿ ದೊರ್ಸಿಲಾ ಅಜ್ಜಿ. ನಾನು ಬಾಟಲಿ ತರಲು ಒಳಗೆ ಹೋಗುವುದೇ ತಡ, ಟಬ್ ಬಗ್ಗಿಸಿ ಹೊಸ ನೀರು ತುಂಬಿಸುತ್ತಾಳೆ.

"ಅಜ್ಜೀ, ಏನ್ಮಾಡ್ತಿದೀರಿ!"

"ಮತ್ತೇನು, ಉಚ್ಚೇಲೇ ಬಿದ್ದಿರ್ಲಾ ಪಾಪ? ನಲವತ್ತು ವರ್ಷ ಮೀನು ಮಾರಿದೀನಿ ಕಣೇ. ನೀರು ಬದಲಾಯಿಸ್ದೆ ಇಟ್ಟೋಳಲ್ಲ."

"ನನಗೆ ಬೇಕಾಗಿರೋದೇ ಆ ಉಚ್ಚೆ!"

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಓದಿಸ್ಬಾರದಿತ್ತು ನಿನ್ನ."

ನಕ್ಕೂ ನಕ್ಕೂ ಹೊಟ್ಟೆ ನೋವು. ಅಳುವೂ ಬಂತು. ಅಳೆದ ಮೇಲೆ ಎಷ್ಟಾದರೂ ಬದಲಾಯಿಸಿ ಎಂದು ಒಪ್ಪಂದ. ಔಷಧಿ ಮಾತ್ರ ಖಾಲಿ... ತರಲು ಕಿಸುಮು ಪೇಟೆಗೆ ಹೋಗಬೇಕು.

ಬುಧವಾರ, ಫೆ. 27

ನೀಲಿ! ನೀಲಿ! ಫುಲು ನೀರು ಶಾಯಿಯಂತೆ. ಎಂಬುಟಾದ್ದು ತೊಳೆದ ಬಟ್ಟೆಯಷ್ಟು. ಆರು ಸಲ ಮಾಡಿದೆ, ಆರೂ ಸಲ ಹಾಗೇ.

ಚಿಕ್ಕ ಮೀನು ತಳದ ಕೊಳೆ, ಪಾಚಿ ತಿನ್ನುತ್ತದೆ, ತಕ್ಷಣ ನೀರಿಗೇ ಸಾರ ವಾಪಸ್ ಕೊಡುತ್ತದೆ. ಅದರಿಂದ ಮತ್ತೆ ಪಾಚಿ, ಮತ್ತೆ ಮೀನು. ಎಂಬುಟಾ ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಆಮೇಲೆ ಐಸಿನಲ್ಲಿ ಲಾರಿ ಹತ್ತಿ ಪರದೇಶಕ್ಕೆ. ಕೊಳೆ ತಿನ್ನುವವರಿಲ್ಲದೆ ತಳ ಕೊಳೆತು ನೀರಿನ ಉಸಿರೇ ಕಟ್ಟುತ್ತದೆ. ದೊಡ್ಡ ಸರೋವರದಲ್ಲಿ ಆದದ್ದೇ ಇದು.

ಶುಕ್ರವಾರ, ಮಾರ್ಚ್ 8. ಮಧ್ಯಾಹ್ನ 2

ಬರೆಯದಿದ್ದರೆ ಎದೆ ಒಡೆಯುತ್ತದೆ.

ಅಧ್ಯಕ್ಷ ಅಗೆಂಗೊಗೆ ಎಷ್ಟು ಧೈರ್ಯ — ಮೀಟಿಂಗಿಗೆ ಮೊದಲೇ ಮುನ್ನೂರು ಮರಿಗಳ ಡ್ರಮ್ ತರಿಸಿ ಕೆರೆ ದಡದಲ್ಲಿ ಇಳಿಸಿಬಿಟ್ಟಿದ್ದ. ನಾನು ನೀಲಿ ಬಾಟಲಿ ಎತ್ತಿ ಹಿಡಿದೆ.

"ಬಣ್ಣ ನೀನೇ ಹಾಕಿದ್ದಲ್ವೇನಮ್ಮಾ?" ಅಂದ.

ಎಲ್ಲರೂ ಗೊಳ್ಳೆಂದರು. ಆಗ ಎದ್ದಳು ನೋಡು ದೊರ್ಸಿಲಾ ಅಜ್ಜಿ!

"ಅಗೆಂಗೊ, ಏಳು. ನನ್ನ ಹಿತ್ತಲಿಗೆ ಬಾ. ಎಲ್ಲಾ ಬನ್ನಿ."

ಹಿತ್ತಲಲ್ಲಿ ಸುಕುಮಾ ಸೊಪ್ಪು. ಮೂರು ವಾರದಿಂದ ಟಬ್ಬಿನ ನೀರನ್ನು ಅಜ್ಜಿ ಅದಕ್ಕೇ ಸುರಿದಿದ್ದಾಳೆ — ಆಯಾ ಟಬ್ಬಿನ ಹತ್ತಿರದ ಸಾಲಿಗೆ ಆಯಾ ನೀರು. ನನಗೆ ಗೊತ್ತೇ ಇರಲಿಲ್ಲ! ಫುಲು ಸಾಲಿನ ಎಲೆ ಮೊರದಗಲ. ಎಂಬುಟಾ ಸಾಲು ಬಡಕಲು.

"ಇದಕ್ಕೂ ಬಣ್ಣ ಬಳಿದಿದೀನಾ? ಮುಟ್ಟಿ ನೋಡೋ," ಅಂದಳು ಅಜ್ಜಿ. "ಕೆರೆಗೂ ಇದೇ ಗೊಬ್ಬರ. ಫುಲುನ ಎಂಬುಟಾಗೆ ತಿನ್ನಿಸ್ಬಿಟ್ಟು ಆಮೇಲೆ ಎಲ್ಲಿಂದ ತರ್ತೀಯಾ?"

ಅಗೆಂಗೊ ಎಲೆ ಚಿವುಟಿದ, ಮೂಸಿದ. ಮರಿ ಬಿಡಬಾರದು ಅನ್ನುವವರು ಕೈ ಎತ್ತಿ ಅಂದಾಗ ಹದಿನೇಳು ಕೈ. ಕಡೆಯದು ಅವನದೇ! ನಾನು ಅಜ್ಜಿಯನ್ನು ಎತ್ತಿ ತಿರುಗಿಸಿಬಿಟ್ಟೆ. ಬೈಸಿಕೊಂಡೆ.

ಸಂಜೆ 5

ಡ್ರಮ್ಮನ್ನು ದಡದಿಂದ ಅಜ್ಜಿಯ ಅಂಗಳಕ್ಕೆ ತಂದರು. ನಾಳೆ ಲಾರಿಯಲ್ಲಿ ವಾಪಸ್. ನನಗೆ ಸಮಾಧಾನವಿಲ್ಲ, ಎಣಿಸೋಣ ಎಂದೆ. ಅಗೆಂಗೊ ಗೊಣಗುತ್ತಲೇ ಕೂತ, ಲೋಟದಲ್ಲಿ ಒಂದೊಂದೇ ಮರಿ.

ಇನ್ನೂರ ತೊಂಬತ್ತೊಂಬತ್ತು.

"ಒಂದು ತಾನೇ," ಅಂದ. "ಕೆರೆಗೆ ಹಾರಿದ್ರೂ ಒಂಟಿ. ಸಂಸಾರ ಹೂಡಲ್ಲ ಬಿಡು."

ಮತ್ತೆ ಎಣಿಸಿದೆವು. ಇನ್ನೂರ ತೊಂಬತ್ತೆಂಟು. ಮೂರನೇ ಸಲವೂ ಅಷ್ಟೇ. ಈಗ ಅಗೆಂಗೊನೇ ಡ್ರಮ್ಮಿನೊಳಗೆ ಕೈಹಾಕಿ ತಡಕುತ್ತಿದ್ದಾನೆ. ಎರಡು ಅಂದರೆ ಜೋಡಿ... ಜೋಡಿ ಅಂದರೆ ಐದು ವರ್ಷಕ್ಕೆ ಫುಲು ಇಲ್ಲ.

ಇರು. ಅಡುಗೆಮನೆಯಲ್ಲಿ ಎಣ್ಣೆ ಚುರ್ ಅನ್ನುತ್ತಿದೆ. ಅಜ್ಜಿ ಏನೋ ಹುರಿಯುತ್ತಿದ್ದಾಳೆ. ದೇವರೇ, ಅವೇ ಎರಡು ಆಗಿರಲಿ, ಅವೇ ಆಗಿರಲಿ — ಬಾಣಲೆಯಲ್ಲಿ ಎಷ್ಟು ಬಾಲ ಇದೆ ನೋಡಿ ಬಂದುಬಿ—