ವಿಳಿಂಜಂನ ಅರ್ಧ ಶಿವ

ಕಳಕ್ಕೂಟಂ, ನವೆಂಬರ್ 16, ಭಾನುವಾರ

ಆ ನಗು ಇನ್ನೂ ಕಿವಿಯಲ್ಲಿದೆ. ಕನ್ನಡ ಸಂಘದ ರಾಜ್ಯೋತ್ಸವ ಪ್ರವಾಸವೆಂದು ಟೆಂಪೊ ತುಂಬ ಜನ ವಿಳಿಂಜಂನ ಗುಹಾ ದೇವಾಲಯಕ್ಕೆ ಹೋದೆವು. ಒಂದೇ ಬಂಡೆ, ಪುಟ್ಟ ಗರ್ಭಗುಡಿ, ಹೊರಗೋಡೆಯಲ್ಲಿ ಅರ್ಧ ಕೆತ್ತಿ ಬಿಟ್ಟ ಶಿವ. ಸಂಘದ ಅಧ್ಯಕ್ಷ, ನನ್ನ ಗಂಡನ ಮೇಲಧಿಕಾರಿ ಶ್ರೀಪತಿ, ದೂರದಿಂದಲೇ ತೀರ್ಪು ಕೊಟ್ಟರು.

“ಇದೇನ್ರೀ, ನಮ್ಮನೆ ದೇವರ ಗೂಡಿನಷ್ಟೂ ಇಲ್ವಲ್ಲ! ಗುಹೆ ಅಂದ್ರೆ ನಮ್ಮ ಬಾದಾಮಿ.”

ಎಲ್ಲರಿಗಿಂತ ಜೋರಾಗಿ ನಕ್ಕವನು ನನ್ನ ಗಂಡ ಸುಮಂತ್. ಬಡ್ತಿ ಹತ್ತಿರದಲ್ಲಿದೆಯಲ್ಲ.

ಸದಾ ಮಲಯಾಳಂ ಮಾತಾಡುವ ನಮ್ಮ ಮಗಳು ಮೇಧಾ ಅಪರೂಪಕ್ಕೆ ಕನ್ನಡದಲ್ಲೇ ಕೇಳಿದಳು: “ಅಂಕಲ್, ಬಾದಾಮಿ ಗುಹೆಲಿ ಏನೇನಿದೆ?”

ಮಹಾಶಯರು ತುಂಬ ಯೋಚಿಸಿದರು. “ಕೋತಿ ಪುಟ್ಟಾ, ಬರೀ ಕೋತಿ. ಆಂಟಿ ಬ್ಯಾಗೇ ಕಿತ್ಕೊಂಡು ಹೋಯ್ತು!”

ಸುಮಂತ್ ಮತ್ತೆ ನಕ್ಕ. ಮೇಧಾ ನಗಲಿಲ್ಲ, ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಆಮೇಲೆ ಶಿವನ ಮುಂದೆ ಬ್ಯಾನರ್ ಹಿಡಿದು ಫೋಟೊ. ಶಿವ ಪೂರಾ ಮರೆ. ವಾಟ್ಸಾಪಿನಲ್ಲಿ ಅದರ ಕೆಳಗೆ ಶ್ರೀಪತಿ ಬರೆದಿದ್ದಾರೆ: “ನಮ್ಮ ಪರಂಪರೆ.”

ಶಿಲ್ಪಿ ಯಾಕೆ ಅರ್ಧಕ್ಕೇ ಬಿಟ್ಟ ಎಂದು ಮೇಧಾ ಮಲಗುವ ಮುಂಚೆ ಕೇಳಿದಳು. ಗೊತ್ತಿಲ್ಲ ಎಂದೆ.

ನೋಡಲು ಬರುವವರು ಯಾರೆಂದು ಅವನಿಗೆ ಮೊದಲೇ ತಿಳಿದಿರಬೇಕು.