ಅಲುಗಿಸಿ ನೋಡಿದವರಿಗೆ

ತೇಲೂರು,
ಸಾಗರಶಕೆ ಇನ್ನೂರ ಹನ್ನೊಂದು,
ನಿಜ ಭಾದ್ರಪದದ ಮೂವತ್ತನಾಲ್ಕನೆಯ ದಿನ

ಮಾನ್ಯ ಪೂರ್ವಜರೇ,

ಮೇಲಿನ ದಿನಾಂಕವು ನಿಮ್ಮ ಪಂಚಾಂಗದಲ್ಲಿ ದೊರೆಯುವುದಿಲ್ಲ. ಹುಡುಕುವ ಶ್ರಮ ಬೇಡ. ಮುಂದೆ ಬರುವ ಕೆಲವು ಪದಗಳೂ ನಿಮ್ಮ ನಿಘಂಟುಗಳಲ್ಲಿ ಇರಲಾರವು. ಅವುಗಳ ಅಪರಿಚಿತತೆಗಾಗಿ ಕ್ಷಮೆ ಕೋರುತ್ತೇನೆ. ನಾನು ಈ ಊರಿನ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಪದ್ಮನಾಭಯ್ಯ. ಸಾಯಬಹುದಾಗಿದ್ದ ನನ್ನ ಪತ್ನಿ ಶಾಂಭವಿ ಬದುಕಿ ಉಳಿದಿದ್ದಾಳೆ. ಅದರಲ್ಲಿ ನಿಮ್ಮ ಪಾಲಿದೆಯೆಂದು ತಿಳಿಸುವುದಕ್ಕಾಗಿ ಈ ಪತ್ರ.

ಶರಾವತಿಯು ಕಡಲನ್ನು ಸೇರುವಲ್ಲಿ, ಹಳೆಯ ದಂಡೆ ಮುಳುಗಿದ ಮೇಲೆ, ನಮ್ಮ ಹಿರಿಯರು ತೆಪ್ಪಗಳ ಮೇಲೆ ಊರು ಕಟ್ಟಿದರು. ಮನೆ, ಶಾಲೆ, ಬಸಳೆಯ ಚಪ್ಪರ ಎಲ್ಲವೂ ತೇಲುತ್ತವೆ. ಪ್ರತಿಯೊಂದು ತೆಪ್ಪವನ್ನೂ ಲಂಗರಿನ ಹಗ್ಗಗಳು ಹಿಡಿದಿರುತ್ತವೆ. ವಾರಕ್ಕೊಮ್ಮೆ ಇಲ್ಲಿ ಅಲುಗುದಿನ. ಅಂದು ಬೆಳಿಗ್ಗೆ ಯಾರೂ ಒಲೆಯ ಮೇಲೆ ಹಾಲಿಡುವುದಿಲ್ಲ. ಒಂದೊಂದೇ ತೆಪ್ಪದ ಹಗ್ಗವನ್ನು ತುಸು ಸಡಿಲಿಸಿ, ಥಟ್ಟನೆ ಎಳೆದು ಬಿಡುತ್ತಾರೆ. ತೆಪ್ಪ ತೂಗುತ್ತದೆ, ಗೋಡೆಗೆ ತೂಗುಹಾಕಿದ ಸೌಟುಗಳು ಒಂದಕ್ಕೊಂದು ತಾಗುತ್ತವೆ, ಬಳಿಕ ಎಲ್ಲವೂ ಶಾಂತವಾಗುತ್ತದೆ. ಹೀಗೆ ಮತ್ತೆ ನೆಲೆಗೊಳ್ಳಲು ಹಿಡಿಯುವ ಅವಧಿಯನ್ನು ನಾವು ಮರುನೆಲೆ ಎನ್ನುತ್ತೇವೆ. ಮರುನೆಲೆ ವಾರದಿಂದ ವಾರಕ್ಕೆ ದೀರ್ಘವಾಗುತ್ತಿದ್ದರೆ, ಕಣ್ಣಿಗೆ ಯಾವ ದೋಷವೂ ಕಾಣದಿದ್ದರೂ ಮುಳುಗುಗಾರರು ನೀರಿಗಿಳಿಯುತ್ತಾರೆ. ತೆಪ್ಪಗಳ ತರುವಾಯ ಮನುಷ್ಯರ ಸರದಿ. ಅಂಗಳದಲ್ಲಿ ಒಂಟಿಕಾಲಿನಲ್ಲಿ ನಿಲ್ಲಬೇಕು. ನೆರೆಯವರು ಹೆಗಲನ್ನು ಮೆಲ್ಲನೆ ನೂಕುತ್ತಾರೆ. ನಾಡಿಯು ತನ್ನ ಗತಿಗೆ ಎಷ್ಟು ಬೇಗ ಮರಳಿತೆಂಬುದನ್ನು ಮಣಿಕಟ್ಟಿನ ಪಟ್ಟಿ ತೋರಿಸುತ್ತದೆ. ತೆಪ್ಪವನ್ನೂ ನಾಡಿಯನ್ನೂ ಪರೀಕ್ಷಿಸುವವರು ಒಬ್ಬರೇ. ಅವರನ್ನು ಅಸ್ಥಿರಜ್ಞರೆಂದು ಕರೆಯುತ್ತೇವೆ.

ನಿಮ್ಮ ಕಾಲದಲ್ಲಿ ಅಸ್ಥಿರತೆಯೆಂಬ ಒಂದೇ ಪದವು ಎರಡು ಮನೆಗಳಲ್ಲಿ ಬಾಳುತ್ತಿತ್ತು. ಗುಡ್ಡದ ನೆತ್ತಿಯ ಮೇಲಿಟ್ಟ ಗುಂಡಿನಂತೆ, ಅತ್ಯಲ್ಪ ಕದಲಿಕೆಯೂ ತಾನಾಗಿ ಬೆಳೆಯುತ್ತ ಹೋಗುವ ಸ್ಥಿತಿಯನ್ನು ಭೌತಶಾಸ್ತ್ರಜ್ಞರು ಹಾಗೆ ಕರೆದರು. ಯಾವ ಗಳಿಗೆಯಲ್ಲಾದರೂ ಹದಗೆಡಬಹುದಾದ ರೋಗಿಯ ಕುರಿತು ವೈದ್ಯರು ಅದೇ ಮಾತನ್ನು ಆಡಿದರು. ನಿಮ್ಮಲ್ಲಿ ಯಾರೋ ಕೆಲವರು ಒಂದೇ ಮೇಜಿನ ಸುತ್ತ ಕುಳಿತು, ಈ ಎರಡಕ್ಕೂ ನಿಜವಾದ ನಂಟಿದೆಯೇ ಎಂದು ಕೇಳಿದರು. ಕುಸಿತದ ಅಂಚನ್ನು ಸಮೀಪಿಸಿದ ವಸ್ತುವು ಸಣ್ಣ ನೂಕಿನಿಂದಲೂ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ, ಅದು ಕೆರೆಯಾಗಿರಲಿ, ಹೃದಯವಾಗಿರಲಿ ಎಂಬುದನ್ನು ಅವರು ಗಮನಿಸಿದರು. ಆ ಗಮನಿಕೆಯೇ ನಮ್ಮಲ್ಲಿ ವಾರದ ಆಚಾರವಾಗಿ ನಿಂತಿದೆ.

ಶಾಂಭವಿಗೆ ಅಲುಗುದಿನದಂದು ಓಲಾಡುವುದೆಂದರೆ ಅವಮಾನ. ಅಂಗಳದ ಅಂಚಿನಲ್ಲಿ ಹಗ್ಗ ಕಟ್ಟುವ ಕಬ್ಬಿಣದ ಬಳೆಯೊಂದಿದೆ. ಸೀರೆಯ ನೆರಿಗೆಯ ಮರೆಯಲ್ಲಿ ಅವಳು ಅದಕ್ಕೆ ಪಾದ ಸಿಕ್ಕಿಸಿ ನಿಲ್ಲುತ್ತಿದ್ದಳು. ನೂಕುವ ಸರದಿ ನೆರೆಯ ಮಂಕಾಳಿಯದು. “ಅಕ್ಕ ಅಲ್ಲಾಡೂದೇ ಇಲ್ಲ. ದೀಪಸ್ತಂಭ ಅದು,” ಎಂದು ಅವನು ಹೊಗಳಿದಷ್ಟೂ ಅವಳು ಇನ್ನಷ್ಟು ನೆಟ್ಟಗಾಗುತ್ತಿದ್ದಳು. ಅಲುಗದೇ ಇರುವುದನ್ನು ಆರೋಗ್ಯವೆಂದು ಭ್ರಮಿಸುವುದು ತೇಲುವ ಊರಿನವರಿಗೆ ಮಾತ್ರ ಬರಬಹುದಾದ ರೋಗ.

ಕಳೆದ ಚೈತ್ರದಲ್ಲಿ ಅಸ್ಥಿರಜ್ಞೆಯಾಗಿ ಬಂದ ಜುಲೈಖಾ ನೆರಿಗೆಯತ್ತ ನೋಡಿ, “ಶಾಂಭವಕ್ಕ, ಕಾಲು ಬಿಡಿ. ಹೀಗೆ ನಿಂತ್ರೆ ನಾನು ನೋಡೂದು ಆ ಬಳೆಯ ಆರೋಗ್ಯ,” ಎಂದರು.

“ನಾನೇನು ನಿನ್ನ ತೆಪ್ಪವಾ, ಎಳ್ದು ಬಿಟ್ಟು ನೋಡೂಕೆ?”

“ತೆಪ್ಪಕ್ಕೆ ಇಷ್ಟು ಬಾಯಿ ಇರೂದಿಲ್ಲ ಅಕ್ಕ.”

ಅಂಗಳವೆಲ್ಲ ನಕ್ಕಿತು. ಶಾಂಭವಿ ಸಿಟ್ಟಿನಿಂದಲೇ ಕಾಲು ಬಿಡಿಸಿಕೊಂಡಳು. ಮಂಕಾಳಿ ಬೆರಳ ತುದಿಯಿಂದ ತಾಗಿಸಿದನಷ್ಟೆ. ಅವಳು ಬಾಗಿ, ಚಪ್ಪರದ ಕಂಬವನ್ನು ಹಿಡಿದುಕೊಂಡಳು. ಏರಿದ ನಾಡಿ ಇಳಿಯಲೇ ಇಲ್ಲ. ನಗು ನಿಂತು, ಎಲ್ಲರೂ ಪಟ್ಟಿಯನ್ನು ನೋಡುತ್ತ ಕಾದೆವು. ಹೃದಯದ ಸ್ನಾಯುವಿನಲ್ಲಿ ಉರಿಯೂತವು ಸದ್ದಿಲ್ಲದೆ ಬೆಳೆಯುತ್ತಿತ್ತೆಂದು ಅಂದು ಸಂಜೆ ತಿಳಿಯಿತು. ಇನ್ನೊಂದು ತಿಂಗಳು ಅವಳು ದೀಪಸ್ತಂಭವಾಗಿಯೇ ನಿಂತಿದ್ದರೆ ಚಿಕಿತ್ಸೆಗೆ ಏನೂ ಉಳಿಯುತ್ತಿರಲಿಲ್ಲ. ಮಳೆಗಾಲವಿಡೀ ಅವಳು ಮಲಗಿದ್ದಳು, ಈಗ ಗುಣಮುಖಳಾಗಿದ್ದಾಳೆ.

ಎಲ್ಲ ಕುಸಿತಗಳೂ ಹೀಗೆ ಮುನ್ಸೂಚನೆ ನೀಡುತ್ತವೆಂದು ನಾನು ಹೇಳಲಾರೆ. ದೋಣಿಗಳು ತಂಗುವ ಮೂಡಣ ಧಕ್ಕೆಯು ಉತ್ತಮ ಮರುನೆಲೆಯನ್ನು ತೋರಿದ ಮರುದಿನವೇ ಮುರಿದುಬಿತ್ತು. ನಿಮ್ಮಿಂದ ನಮಗೆ ಬಂದದ್ದು ಅಭಯವಲ್ಲ, ಕೇಳುವ ಕ್ರಮ. ಅದಕ್ಕೇ ನಾವು ಋಣಿಗಳು.

ಒಂದು ಕೋರಿಕೆಯಿದೆ. ನಿಮ್ಮ ಅಳತೆಯ ನಕ್ಷೆಗಳಲ್ಲಿ ಗೆರೆಯು ಅಂದವಾಗಿ ಕಾಣಲೆಂದು ಸಣ್ಣ ನಡುಕಗಳನ್ನು ಒರೆಸಿಹಾಕುವ ಅಭ್ಯಾಸ ನಿಮ್ಮಲ್ಲಿ ಇತ್ತೆಂದು ಕೇಳಿದ್ದೇನೆ. ದಯವಿಟ್ಟು ಒರೆಸಬೇಡಿ. ಒರೆಸದೆ ಬಿಟ್ಟವರು ಕೆಲವರಾದರೂ ಇದ್ದುದರಿಂದಲೇ ಹೃದಯದ ಚೇತರಿಕೆಯನ್ನು ಓದಲು ನಾವು ಕಲಿತೆವು. ಅವರ ಹೆಸರು ನಮಗೆ ತಿಳಿಯದು. ಈ ನಮಸ್ಕಾರ ಅವರಿಗೆ ಸಲ್ಲಲಿ.

ಇನ್ನೂ ಬರೆಯುವ ಮನಸ್ಸಿತ್ತು. ಆದರೆ ಸೊಪ್ಪು ಸೋಸುವುದಕ್ಕೆ ಬನ್ನಿರೆಂದು ಶಾಂಭವಿ ಒಳಗಿನಿಂದ ಕೂಗುತ್ತಿದ್ದಾಳೆ. ಇದು ಮೂರನೆಯ ಕೂಗು. ದನಿಯಲ್ಲಿ ತಾಳ್ಮೆ ಕಡಿಮೆಯಾಗಿದೆ. ಅದನ್ನು ಕೇಳುತ್ತ ನಾನು ಬೇಕೆಂದೇ ತುಸು ತಡಮಾಡುತ್ತಿದ್ದೇನೆ.

ನಿಮ್ಮ ಋಣದಲ್ಲಿರುವ,
ಪದ್ಮನಾಭಯ್ಯ